ಮುದಿ ಇಲಿಗಳಿಗೆ ಮಣ್ಣಿನ ಮದ್ದು

ಆ ಇಲಿಗಳು ಮದ್ದಿಗಾಗಿ ಕಾಯುತ್ತಲೇ ಮುದಿಯಾದವು. ಅಮೆರಿಕದ ಮೂರು ಪ್ರಯೋಗಾಲಯಗಳಲ್ಲಿ ಅವುಗಳ ತಿನಿಸಿಗೆ ರ‍್ಯಾಪಮೈಸಿನ್ ಎಂಬ ಔಷಧ ಬೆರೆಸಬೇಕಿತ್ತು, ಬೆರೆಸಿದ್ದು ಕೆಟ್ಟುಹೋಗುತ್ತಿತ್ತು. ಔಷಧದ ಕಣಗಳಿಗೆ ಹೊದಿಕೆ ತೊಡಿಸುವ ಉಪಾಯ ಕೈಗೂಡುವಷ್ಟರಲ್ಲಿ ಇಲಿಗಳಿಗೆ 600 ದಿನ ತುಂಬಿತ್ತು. ಮನುಷ್ಯರ ಲೆಕ್ಕದಲ್ಲಿ ಹತ್ತಿರಹತ್ತಿರ 60 ವರ್ಷ. ಆದರೂ ಕೊಟ್ಟು ನೋಡಿದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ನೂರಕ್ಕೆ ತೊಂಬತ್ತು ಇಲಿಗಳು ಸಾಯುವ ವಯಸ್ಸನ್ನು ಹೋಲಿಸಿದರೆ, ಔಷಧ ತಿಂದ ಹೆಣ್ಣಿಲಿಗಳಲ್ಲಿ ಅದು ಶೇ. 14ರಷ್ಟು, ಗಂಡಿಲಿಗಳಲ್ಲಿ ಶೇ. 9ರಷ್ಟು ಮುಂದೆ ಹೋಗಿತ್ತು.

ಮುಪ್ಪಿನ ಕುರಿತು ಓದಿದ ಪ್ರಯೋಗಗಳಲ್ಲೆಲ್ಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಬಂಡಿಯ ಕೀಲಿನಂತೆ ದೇಹವೂ ಸವೆಯುತ್ತದೆ, ಸವೆದದ್ದು ಸವೆಯಿತು ಎಂದೇ ನಾವು ತಿಳಿದಿದ್ದೆವು. ಇಳಿವಯಸ್ಸಿನಲ್ಲೂ ಆ ಸವೆತದ ವೇಗ ತಗ್ಗಬಹುದು ಎಂದು ಈ ಇಲಿಗಳು ತೋರಿಸಿದವು.

ಔಷಧ ಸಿಕ್ಕಿದ್ದು ಪೆಸಿಫಿಕ್ ಸಾಗರದ ನಡುವಿನ ರಾಪಾ ನುಯಿ, ಅಂದರೆ ಈಸ್ಟರ್ ದ್ವೀಪದ ಮಣ್ಣಿನಲ್ಲಿ. 1964ರ ಕೊನೆಗೆ ಹೊರಟ ಕೆನಡಾದ ವೈದ್ಯ ತಂಡವೊಂದು ಅಲ್ಲಿಂದ ಮಣ್ಣು ತಂದಿತ್ತು. ಮಾಂಟ್ರಿಯಲ್‌ನ ಔಷಧ ಕಂಪನಿಯಲ್ಲಿದ್ದ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ್ದ ಸುರೇನ್ ಸೆಹಗಲ್ ಮತ್ತವರ ಸಂಗಡಿಗರು ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ಶಿಲೀಂಧ್ರನಾಶಕವೊಂದನ್ನು ಬೇರ್ಪಡಿಸಿದರು. ದ್ವೀಪದ ಹೆಸರಿನಿಂದಲೇ ಅದು ರ‍್ಯಾಪಮೈಸಿನ್ ಆಯಿತು. ಕಂಪನಿ ಅದರ ಮೇಲಿನ ಕೆಲಸ ನಿಲ್ಲಿಸಿ ಪ್ರಯೋಗಾಲಯ ಮುಚ್ಚಿದಾಗ ಸೆಹಗಲ್ ಆ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರ್‌ನಲ್ಲಿ ಜೋಪಾನ ಮಾಡಿದರು. ಆ ಒಂದು ಹಟಕ್ಕೆ ನಾವೆಲ್ಲ ಋಣಿಗಳು.

ಈ ಔಷಧ ಜೀವಕೋಶದೊಳಗೆ ಏನು ಮಾಡುತ್ತದೆ? 1991ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೈಕೆಲ್ ಹಾಲ್ ಅವರ ತಂಡ ಯೀಸ್ಟ್‌ನಲ್ಲಿ ಅದರ ಗುರಿಯನ್ನು ಪತ್ತೆಹಚ್ಚಿತು: ‘ಟಾರ್’ ಎಂಬ ಪ್ರೊಟೀನ್. ನಮ್ಮ ಜೀವಕೋಶಗಳಲ್ಲೂ ಅದಿದೆ. ಅದನ್ನು ಮನೆಯ ಯಜಮಾನನೆಂದುಕೊಳ್ಳಿ. ಸುಗ್ಗಿ ಚೆನ್ನಾಗಿ ಬಂದ ವರ್ಷ ಯಜಮಾನ ಹೊಸ ಕೋಣೆ ಕಟ್ಟಿಸುತ್ತಾನೆ, ಮದುವೆ ಮಾಡುತ್ತಾನೆ. ಅಟ್ಟದ ಮೇಲಿನ ಹಳೆ ಸಾಮಾನಿನ ಕಡೆ ನೋಡುವುದಿಲ್ಲ. ಬರ ಬಿದ್ದರೆ ಕಟ್ಟುವುದು ನಿಲ್ಲುತ್ತದೆ, ಮುರಿದದ್ದನ್ನೇ ಬಿಚ್ಚಿ ಮತ್ತೆ ಬಳಸುವುದು ಶುರುವಾಗುತ್ತದೆ. ಆಹಾರ ಸಮೃದ್ಧವಾಗಿದ್ದಾಗ ಟಾರ್ ಬೆಳೆಯಲು ಹೇಳುತ್ತದೆ; ಕೊರತೆಯಾದಾಗ ಅದು ತಣ್ಣಗಾಗಿ, ಜೀವಕೋಶ ತನ್ನೊಳಗಿನ ಹಾಳಾದ ಪ್ರೊಟೀನುಗಳನ್ನು ಅರಗಿಸಿಕೊಂಡು ಶುಚಿಯಾಗುತ್ತದೆ. ರ‍್ಯಾಪಮೈಸಿನ್ ಈ ಯಜಮಾನನ ಕೈ ಹಿಡಿಯುತ್ತದೆ. ಹೊಟ್ಟೆ ತುಂಬಿದ್ದರೂ ಜೀವಕೋಶ ಬರಗಾಲದಂತೆ ನಡೆದುಕೊಳ್ಳುತ್ತದೆ.

ಹಾಗೆಂದು ಔಷಧದಂಗಡಿಗೆ ಓಡಬೇಡಿ. 1999ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿದ್ದು ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು, ಅಂದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು. ಬಾಯಿಹುಣ್ಣು, ರಕ್ತದಲ್ಲಿ ಕೊಬ್ಬಿನ ಏರಿಕೆ, ಗಾಯ ಬೇಗ ಮಾಯದಿರುವುದು ಇದರ ಅಡ್ಡಪರಿಣಾಮಗಳು. ಮನುಷ್ಯರ ಆಯಸ್ಸನ್ನು ಇದು ಹೆಚ್ಚಿಸುತ್ತದೆಂದು ಯಾರೂ ಸಾಬೀತು ಮಾಡಿಲ್ಲ. ಅಮೆರಿಕದಲ್ಲಿ ಸಾಕುನಾಯಿಗಳ ಮೇಲೆ ಪರೀಕ್ಷೆ ಕೈಗೊಂಡಿದ್ದಾರೆ. ನಮ್ಮದೇ ಮನೆಯ ಗಾಳಿ ಕುಡಿದು ಬದುಕುವ ಪ್ರಾಣಿಗಳಾದ್ದರಿಂದ ಅದರ ಉತ್ತರಕ್ಕಾಗಿ ನಾನು ಆಸೆಯಿಂದ ಕಾಯುತ್ತಿದ್ದೇನೆ.

ಸೆಹಗಲ್ 2003ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮುದಿ ಇಲಿಗಳ ಸುದ್ದಿ ಬರಲು ಇನ್ನೂ ಆರು ವರ್ಷ ಬಾಕಿಯಿತ್ತು.