ಅಮೆರಿಕ ದೇಶದಲ್ಲಿ ಕ್ರಿಕೆಟ್ ಆಟ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಹೆಸರನ್ನು ಕೇಳಿದೊಡನೆಯೆ ಕ್ರಿಕೆಟ್ ಆಟವು ಯಾರ ನೆನಪಿಗೂ ಬರುವುದಿಲ್ಲ. ಅಲ್ಲಿಯ ಜನರಿಗೆ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಅವರದೇ ಆದೊಂದು ಬಗೆಯ ಫುಟ್‌ಬಾಲ್ ಇವುಗಳಲ್ಲಿ ಹೆಚ್ಚಿನ ಆಸಕ್ತಿ. ದಿನಗಟ್ಟಲೆ ನಡೆಯುವ ಕ್ರಿಕೆಟ್ಟಿಗೆ ಬೇಕಾದ ತಾಳ್ಮೆ ಅವರ ಸ್ವಭಾವದಲ್ಲಿಯೇ ಇಲ್ಲವೆಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ಆದರೆ ಎರಡು ದೇಶಗಳ ನಡುವಣ ಮೊಟ್ಟಮೊದಲನೆಯ ಕ್ರಿಕೆಟ್ ಪಂದ್ಯವು ನಡೆದದ್ದು ನ್ಯೂಯಾರ್ಕ್ ನಗರದಲ್ಲಿ ಎಂಬುದನ್ನು ತಿಳಿದ ಮೇಲೆ ಈ ಮಾತನ್ನು ಹಾಗೆಯೇ ಒಪ್ಪಲಾಗುವುದಿಲ್ಲ. ಅಷ್ಟು ಮೊದಲೇ ಬೇರೂರಿದ್ದ ಆಟವು ಆ ನೆಲದಲ್ಲಿ ಏಕೆ ಬಾಡಿತು? ಇದನ್ನು ಈಗ ಸ್ವಲ್ಪ ವಿಚಾರಿಸಿ ನೋಡೋಣ.

ಅಮೆರಿಕವು ಆಂಗ್ಲರ ವಸಾಹತಾಗಿದ್ದ ಕಾಲದಲ್ಲಿಯೇ ಅಲ್ಲಿಗೆ ಕ್ರಿಕೆಟ್ ಬಂದಿತ್ತು. ೧೭೫೧ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪಂದ್ಯವೊಂದರ ವಾರ್ತೆಯು ಅಲ್ಲಿಯ ವೃತ್ತಪತ್ರಿಕೆಯಲ್ಲಿ ಅಚ್ಚಾಯಿತು. ೧೭೭೬ರಲ್ಲಿ ಸ್ವಾತಂತ್ರ್ಯವನ್ನು ಸಾರಿದ ಜನರು ಆಂಗ್ಲರ ಆಳ್ವಿಕೆಯನ್ನು ತಳ್ಳಿಹಾಕಿದರೂ ಅವರ ಆಟವನ್ನು ತಳ್ಳಿಹಾಕಲಿಲ್ಲ. ೧೮೪೪ನೆಯ ಸೆಪ್ಟೆಂಬರ್ ತಿಂಗಳಲ್ಲಿ ಸಂಯುಕ್ತ ಸಂಸ್ಥಾನಗಳ ತಂಡಕ್ಕೂ ಕೆನಡದ ತಂಡಕ್ಕೂ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ಲಬ್ಬಿನ ಮೈದಾನದಲ್ಲಿ ಪಂದ್ಯವು ಏರ್ಪಟ್ಟಿತು. ಸಾವಿರಾರು ಜನರು ನೆರೆದಿದ್ದರು. ಪಣದ ಹಣವೂ ಧಾರಾಳವಾಗಿ ಹರಿಯಿತು. ಕೆನಡದವರು ಎರಡು ಸರದಿಗಳಲ್ಲಿ ೮೨ ಮತ್ತು ೬೩ ಓಟಗಳನ್ನೂ, ಅಮೆರಿಕದವರು ೬೪ ಮತ್ತು ೫೮ ಓಟಗಳನ್ನೂ ಗಳಿಸಲಾಗಿ, ಕೆನಡಕ್ಕೆ ೨೩ ಓಟಗಳ ಗೆಲವು ದೊರೆಯಿತು. ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಮೊದಲನೆಯ ಟೆಸ್ಟ್ ಪಂದ್ಯವಾದದ್ದು ಇದಾದ ಮೂವತ್ತಮೂರು ವರ್ಷಗಳ ತರುವಾಯ, ೧೮೭೭ರಲ್ಲಿ. ಇಂಗ್ಲೆಂಡಿನ ತಂಡವೊಂದು ಮೊದಲ ಬಾರಿಗೆ ಸಮುದ್ರ ದಾಟಿ ಆಡಲು ಹೋದದ್ದೂ ಇದೇ ಖಂಡಕ್ಕೆ. ೧೮೫೯ರಲ್ಲಿ ಜಾರ್ಜ್ ಪಾರ್ ಎಂಬಾತನ ನಾಯಕತ್ವದಲ್ಲಿ ಬಂದ ಆ ತಂಡವು, ಒಂದೊಂದು ಪಂದ್ಯದಲ್ಲಿಯೂ ಇಪ್ಪತ್ತೆರಡು ಮಂದಿಯನ್ನು ಎದುರಿಸಿ, ಐದು ಪಂದ್ಯಗಳನ್ನೂ ಗೆದ್ದುಕೊಂಡಿತು.

ಈ ಪ್ರವಾಸವಾದ ಎರಡು ವರ್ಷಗಳೊಳಗೆ ಅಮೆರಿಕದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. ೧೮೬೧ರಿಂದ ೧೮೬೫ರವರೆಗೆ ಲಕ್ಷಾಂತರ ಯುವಕರು ಪಾಳೆಯಗಳಲ್ಲಿ ಬಿಡಾರ ಮಾಡಿದರು. ಕ್ರಿಕೆಟ್ಟಿಗೆ ರೋಲರನ್ನೆಳೆದು ಹದಮಾಡಿದ ಸಮನಾದ ನೆಲ ಬೇಕು. ಬೇಸ್‌ಬಾಲಿಗಾದರೋ ಒಂದು ದೊಣ್ಣೆ, ಒಂದು ಚೆಂಡು, ಎಂತಹುದಾದರೂ ಒಂದು ಬಯಲು ಸಾಕು. ಎರಡು ಮೂರು ಗಂಟೆಗಳಲ್ಲಿ ಆಟವು ಮುಗಿಯುತ್ತದೆ. ಪಾಳೆಯದಲ್ಲಿ ಅದನ್ನು ಕಲಿತ ಸೈನಿಕನು ಯುದ್ಧ ಮುಗಿದ ಮೇಲೆ ತನ್ನ ಊರಿಗೆ ಅದನ್ನೇ ಕೊಂಡೊಯ್ದನು. ಕಾರ್ಖಾನೆಯ ದುಡಿಮೆ ಮುಗಿಸಿದವನಿಗೆ ಸಂಜೆಯ ಬಿಡುವಿನಲ್ಲಿ ಆಡಬಹುದಾದ ಆಟವೂ ಅದೇ ಆಯಿತು.

ಕ್ರಿಕೆಟ್ಟಿನಲ್ಲಿಯೇ ಬೆಳೆದ ಕೆಲವರು ಬೇಸ್‌ಬಾಲಿಗೆ ಬಲವನ್ನು ತಂದುಕೊಟ್ಟರೆಂಬುದು ಇಲ್ಲಿ ಗಮನಿಸತಕ್ಕ ವಿಷಯ. ಕ್ರಿಕೆಟ್ಟಿನ ವಾರ್ತೆಗಳನ್ನು ಬರೆಯುತ್ತಿದ್ದ ಹೆನ್ರಿ ಚ್ಯಾಡ್ವಿಕ್ ಎಂಬಾತನು ಬೇಸ್‌ಬಾಲಿನ ಕಡೆಗೆ ತಿರುಗಿ, ಅದರ ಅಂಕಿಅಂಶಗಳನ್ನು ದಾಖಲಿಸುವ ಕ್ರಮವನ್ನು ರೂಢಿಗೆ ತಂದನು. ಸೇಂಟ್ ಜಾರ್ಜ್ ಕ್ಲಬ್ಬಿನಲ್ಲಿ ಸಂಬಳಕ್ಕೆ ಆಡುತ್ತಿದ್ದ ಹ್ಯಾರಿ ರೈಟ್ ಎಂಬಾತನು ೧೮೬೯ರಲ್ಲಿ ಸಿನ್ಸಿನಾಟಿ ನಗರದ ತಂಡವನ್ನು ಕಟ್ಟಿದನು; ಆಟಗಾರರಿಗೆ ಬಹಿರಂಗವಾಗಿ ವೇತನವನ್ನು ಕೊಟ್ಟ ಮೊದಲ ಬೇಸ್‌ಬಾಲ್ ತಂಡವು ಅದೇ. ಬಡವರ ಮನೆಯ ಸಮರ್ಥ ಹುಡುಗನಿಗೆ ಅಲ್ಲಿ ಕೀರ್ತಿಯೊಂದಿಗೆ ಅನ್ನವೂ ದೊರೆಯುವಂತಾಯಿತು.

ಇಷ್ಟಾದರೂ ಒಂದು ಊರು ಮಾತ್ರ ಕ್ರಿಕೆಟ್ಟನ್ನು ಕೈಬಿಡಲಿಲ್ಲ. ಅದು ಫಿಲಡೆಲ್ಫಿಯ. ಇಂಗ್ಲೆಂಡಿನಿಂದ ಅಲ್ಲಿಯ ಗಿರಣಿಗಳಿಗೆ ಕೆಲಸಕ್ಕೆ ಬಂದವರು ಆಡುತ್ತಿದ್ದುದನ್ನು ನೋಡಿ ಸ್ಥಳದ ಶ್ರೀಮಂತ ಮನೆತನಗಳ ಹುಡುಗರು ಆಟವನ್ನು ಕಲಿತರು. ೧೮೫೪ರಲ್ಲಿ ಫಿಲಡೆಲ್ಫಿಯ ಕ್ರಿಕೆಟ್ ಕ್ಲಬ್ಬೂ ಜರ್ಮನ್‌ಟೌನ್ ಕ್ಲಬ್ಬೂ, ೧೮೬೫ರಲ್ಲಿ ಮೆರಿಯನ್ ಕ್ಲಬ್ಬೂ, ೧೮೭೪ರಲ್ಲಿ ಬೆಲ್ಮಾಂಟ್ ಕ್ಲಬ್ಬೂ ಸ್ಥಾಪಿತವಾದುವು. ೧೮೯೩ರಲ್ಲಿ ಇಂಗ್ಲೆಂಡಿನ ಪ್ರವಾಸವನ್ನು ಮುಗಿಸಿ ಬಂದ ಆಸ್ಟ್ರೇಲಿಯ ತಂಡದ ಎದುರು ಈ ಊರಿನ ತಂಡವು ಒಂದೇ ಸರದಿಯಲ್ಲಿ ೫೨೫ ಓಟಗಳನ್ನು ಗಳಿಸಿ, ಅವರನ್ನು ೧೯೯ ಮತ್ತು ೨೫೮ ಓಟಗಳಿಗೆ ಹೊರಡಿಸಿ, ಇನ್ನಿಂಗ್ಸ್ ಮತ್ತು ೬೮ ಓಟಗಳಿಂದ ಗೆದ್ದಿತು.

ಈ ಊರಿನ ಆಟಗಾರರಲ್ಲಿ ಅಗ್ರಗಣ್ಯನು ಜಾನ್ ಬಾರ್ಟನ್ ಕಿಂಗ್. ಮೊದಲು ಬೇಸ್‌ಬಾಲನ್ನು ಆಡಿದ ಈತನು, ಆ ಆಟದವರಂತೆ ಎರಡು ಕೈಗಳಿಂದಲೂ ಚೆಂಡನ್ನು ತಲೆಯ ಮೇಲಕ್ಕೆತ್ತಿ, ಅನಂತರ ಬೌಲ್ ಮಾಡುತ್ತಿದ್ದನು. ನೇರವಾಗಿ ಬರುವಂತೆ ತೋರುತ್ತಿದ್ದ ಚೆಂಡು ಕೊನೆಯ ಗಳಿಗೆಯಲ್ಲಿ ಗಾಳಿಯಲ್ಲಿಯೇ ಪಕ್ಕಕ್ಕೆ ಹೊರಳುತ್ತಿದ್ದಿತು. ೧೮೯೭ರಲ್ಲಿ ಸಸೆಕ್ಸ್ ತಂಡದ ಮೇಲೆ ಆಡಿದಾಗ ಆತನು ೧೩ ಓಟಗಳಿಗೆ ೭ ವಿಕೆಟ್ಟುಗಳನ್ನು ಪಡೆದನು. ಇಡಿಯ ತಂಡವು ೪೬ ಓಟಗಳಿಗೆ ಕುಸಿಯಿತು. ಮುಂದೆ ನವಾನಗರದ ಜಾಮ್‌ಸಾಹೇಬರಾದ ರಣಜಿತ್‌ಸಿಂಹರು ಅಂದು ಆತನ ಮೊದಲನೆಯ ಚೆಂಡಿಗೇ ಬೌಲ್ಡ್ ಆದರು. ೧೯೦೮ರ ಇಂಗ್ಲೆಂಡ್ ಪ್ರವಾಸದಲ್ಲಿ ಕಿಂಗನು ವಿಕೆಟ್ಟೊಂದಕ್ಕೆ ಸರಾಸರಿ ೧೧.೦೧ ಓಟಗಳಂತೆ ೮೭ ವಿಕೆಟ್ಟುಗಳನ್ನು ತೆಗೆದು, ಆ ವರ್ಷದ ಬೌಲರುಗಳಲ್ಲೆಲ್ಲ ಮೊದಲಿಗನಾದನು. ಇಂಗ್ಲೆಂಡಿನ ಆಟದ ಋತುವಿನಲ್ಲಿ ಈ ಸರಾಸರಿಯನ್ನು ಮೀರಿಸಲು ೧೯೫೮ನೆಯ ಇಸವಿ ಬರಬೇಕಾಯಿತು. ಇಂತಹವನನ್ನು ಹೆತ್ತ ನಾಡಿಗೆ ಕ್ರಿಕೆಟ್ಟಿನ ಗುಣವಿಲ್ಲವೆನ್ನುವುದು ಹೇಗೆ?

ಆದರೆ ಫಿಲಡೆಲ್ಫಿಯದಲ್ಲಿ ಆಟವನ್ನು ಉಳಿಸಿದ ವ್ಯವಸ್ಥೆಯೇ ಅದರ ಬೆಳವಣಿಗೆಗೂ ಅಡ್ಡಿಯಾಯಿತೆಂದು ನಮಗೆ ತೋರುತ್ತದೆ. ಮೈದಾನಗಳು ಸಿರಿವಂತರ ಕ್ಲಬ್ಬುಗಳ ಬೇಲಿಯೊಳಗಿದ್ದುವು. ಕಿಂಗನಂತೆ ಮಧ್ಯಮ ವರ್ಗದಿಂದ ಬಂದವರು ವಿರಳ. ಬೀದಿಯಲ್ಲಿ ಆಡುವ ಹುಡುಗನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹೀಗಿರಲು, ೧೯೦೯ರಲ್ಲಿ ಇಂಗ್ಲೆಂಡು, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳು ಸೇರಿ ಸಾಮ್ರಾಜ್ಯ ಕ್ರಿಕೆಟ್ ಸಮ್ಮೇಳನವನ್ನು ಕಟ್ಟಿದುವು. ಸಾಮ್ರಾಜ್ಯಕ್ಕೆ ಸೇರದ ಅಮೆರಿಕಕ್ಕೆ ಅದರಲ್ಲಿ ಎಡೆಯಿರಲಿಲ್ಲ. ಹೀಗೆ ಒಳಗೊಂದು ಬೇಲಿ, ಹೊರಗೊಂದು ಬೇಲಿ ಎಂಬಂತಾಯಿತು. ಸಿರಿವಂತರ ಮಕ್ಕಳು ಟೆನಿಸ್, ಗಾಲ್ಫ್ ಆಟಗಳಿಗೆ ಒಲಿದಾಗ, ಬ್ಯಾಟನ್ನು ಹಿಡಿಯಲು ಬೇರೆ ಯಾರೂ ಸಿದ್ಧರಾಗಿರಲಿಲ್ಲ. ೧೯೧೪ರಲ್ಲಿ ಬೆಲ್ಮಾಂಟ್ ಕ್ಲಬ್ಬು ಮುಚ್ಚಿತು. ಊರಿನ ಕ್ಲಬ್ಬುಗಳು ೧೮೮೦ರಿಂದ ಆಡುತ್ತಿದ್ದ ಹ್ಯಾಲಿಫ್ಯಾಕ್ಸ್ ಕಪ್ ಪಂದ್ಯಾವಳಿಯು ೧೯೨೬ಕ್ಕೆ ನಿಂತುಹೋಯಿತು. ಜರ್ಮನ್‌ಟೌನ್ ಕ್ರಿಕೆಟ್ ಕ್ಲಬ್ಬಿನ ಹುಲ್ಲಿನ ಮೇಲೆ ೧೯೨೧ರಿಂದ ೧೯೨೩ರವರೆಗೆ ನಡೆದದ್ದು ಅಮೆರಿಕದ ರಾಷ್ಟ್ರೀಯ ಟೆನಿಸ್ ಪಂದ್ಯಗಳು. ಹೆಸರು ಕ್ರಿಕೆಟ್ಟಿನದು, ಆಟ ಟೆನಿಸ್ಸಿನದು!

ಬೇರು ಮಾತ್ರ ಪೂರ್ತಿಯಾಗಿ ಒಣಗಲಿಲ್ಲ. ವೆಸ್ಟ್ ಇಂಡೀಸ್ ದ್ವೀಪಗಳಿಂದ ನ್ಯೂಯಾರ್ಕಿಗೆ ವಲಸೆ ಬಂದವರು ಸಾರ್ವಜನಿಕ ಉದ್ಯಾನಗಳಲ್ಲಿ ಆಟವನ್ನು ಮುಂದುವರಿಸಿದರು. ಸಾಮ್ರಾಜ್ಯ ಎಂಬ ಮಾತನ್ನು ಸಮ್ಮೇಳನವು ೧೯೬೫ರಲ್ಲಿ ತನ್ನ ಹೆಸರಿನಿಂದ ತೆಗೆದುಹಾಕಿ, ಅಮೆರಿಕವನ್ನು ಸಹಸದಸ್ಯನನ್ನಾಗಿ ಸೇರಿಸಿಕೊಂಡಿತು. ಅದೇ ವರ್ಷ ಅಮೆರಿಕವು ವಲಸೆಯ ಕಾನೂನನ್ನು ಸಡಿಲಿಸಲಾಗಿ, ಭಾರತ ಪಾಕಿಸ್ತಾನಗಳ ಜನರೂ ಹೆಚ್ಚಾಗಿ ಹೋಗತೊಡಗಿದರು. ೨೦೨೪ನೆಯ ಜೂನ್ ೬ರಂದು ಡಲ್ಲಾಸ್ ನಗರದ ಬಳಿ ವಿಶ್ವಕಪ್ಪಿನ ಪಂದ್ಯವೊಂದರಲ್ಲಿ ಅಮೆರಿಕವೂ ಪಾಕಿಸ್ತಾನವೂ ೧೫೯ ಓಟಗಳಿಗೆ ಸರಿಸಮನಾದುವು. ಬಳಿಕ ನಿರ್ಣಯಕ್ಕಾಗಿ ಒಂದೊಂದು ಓವರನ್ನು ಆಡಿಸಿದಾಗ ಅಮೆರಿಕವು ಗೆದ್ದಿತು. ಆ ಪಂದ್ಯದಲ್ಲಿ ಮೂರು ವಿಕೆಟ್ಟುಗಳನ್ನು ಪಡೆದ ನೊಸ್ತುಷ್ ಕೆಂಜಿಗೆ ಅವರು ಅಮೆರಿಕದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ ಆಟವಾಡಿ, ಮರಳಿ ಅಲ್ಲಿಗೆ ಹೋದವರು. ಕನ್ನಡಿಗರಾದ ನಮಗೆ ಇದು ಸಂತೋಷದ ಸಂಗತಿ. ಆದರೆ ಮರುವರ್ಷವೇ ಅಂತಾರಾಷ್ಟ್ರೀಯ ಮಂಡಲಿಯು ಆಡಳಿತದ ಲೋಪಗಳಿಗಾಗಿ ಅಮೆರಿಕದ ಕ್ರಿಕೆಟ್ ಸಂಸ್ಥೆಯ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ೨೦೨೮ರ ಲಾಸ್ ಏಂಜಲಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಕ್ರಿಕೆಟ್ಟನ್ನು ಸೇರಿಸಬೇಕೆಂದು ಅದಾಗಲೇ, ೨೦೨೩ರಲ್ಲಿ, ನಿಶ್ಚಯವಾಗಿದ್ದಿತು.

ಈ ಕಥೆಯಿಂದ ನಾವು ತಿಳಿಯತಕ್ಕದ್ದೇನು? ಆಟವೊಂದು ಒಂದು ನಾಡಿನಲ್ಲಿ ಬೆಳೆಯುವುದಕ್ಕೂ ಬಾಡುವುದಕ್ಕೂ ಜನರ ಹುಟ್ಟುಗುಣವನ್ನು ಕಾರಣವಾಗಿ ಹೇಳುವುದು ಸುಲಭ. ಹತ್ತಿರ ಹೋಗಿ ನೋಡಿದರೆ ಬಿಡುವು, ಬಯಲು, ಕೂಲಿ, ಪ್ರವೇಶ ಇವೇ ಕಾರಣಗಳಾಗಿ ಕಾಣುತ್ತವೆ. ನಮ್ಮ ಊರುಗಳಲ್ಲಿ ಮೂರು ಕಡ್ಡಿಗಳನ್ನು ನೆಟ್ಟು ಹಲಗೆಯ ತುಂಡನ್ನೇ ಬ್ಯಾಟಾಗಿ ಹಿಡಿಯುವ ಹುಡುಗರು ಇರುವವರೆಗೆ ಇಲ್ಲಿ ಈ ಆಟಕ್ಕೆ ಭಯವಿಲ್ಲ. ಆ ಹುಡುಗರು ಆಡುವ ಬಯಲುಗಳಿಗೂ ಒಂದೊಂದಾಗಿ ಬೇಲಿ ಬೀಳುವುದಾದರೆ, ಫಿಲಡೆಲ್ಫಿಯದ ಕಥೆಯು ನಮಗೂ ದೂರದ ಕಥೆಯಾಗಿ ಉಳಿಯಲಾರದು.