ಕತಕಬೀಜವೂ ಭೀಮೆಯ ಕಲಿಲಜಲವೂ

ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹರಿಯುವ ಭೀಮಾನದಿಯೂ, ಆಳಂದದ ಸೀಮೆಯಿಂದ ಬಂದು ಗಾಣಗಾಪುರದ ಬಳಿ ಅದನ್ನು ಕೂಡುವ ಅಮರ್ಜೆಯೂ ಮಳೆಗಾಲದಲ್ಲಿ ಎರೆಮಣ್ಣನ್ನು ಹೊತ್ತು ಕದಡಿರುವುವು. ಆ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮರಳು ಬೇಗನೆ ತಳವನ್ನು ಸೇರುವುದು. ಕದಡು ಮಾತ್ರ ದಿನಗಳು ಕಳೆದರೂ ಹೋಗದು.

೧ ಮೈಕ್ರೋಮೀಟರ್ ವ್ಯಾಸದ ಮಣ್ಣಿನ ಕಣವು ನಿಶ್ಚಲಜಲದಲ್ಲಿ ದಿನವೊಂದಕ್ಕೆ ಸುಮಾರು ೭ ಸೆಂಟಿಮೀಟರ್ ಇಳಿಯುವುದು. ಅದರ ಹತ್ತರಲ್ಲೊಂದು ಪಾಲಿನ ಕಣವು ಒಂದು ಮಿಲಿಮೀಟರನ್ನೂ ಇಳಿಯದು. ಕಣಗಳು ಒಂದನ್ನೊಂದು ಕೂಡಿ ದೊಡ್ಡವಾದರೆ ಇಳಿದಾವು. ಆದರೆ ಅವುಗಳ ಮೈಯೆಲ್ಲ ಋಣವಿದ್ಯುತ್ತನ್ನು ಧರಿಸಿರುವುದರಿಂದ ಪರಸ್ಪರ ದೂಡುವುವು. ಇಂತಹ ದ್ರವ್ಯಗಳಿಗೆ ೧೮೬೧ರಲ್ಲಿ ಥಾಮಸ್ ಗ್ರಹಾಮನು ಅಂಟೆಂಬರ್ಥದ ಗ್ರೀಕ್ ಶಬ್ದದಿಂದ ಕೊಲಾಯ್ಡ್ ಎಂದು ಹೆಸರಿಟ್ಟನು. ಕನ್ನಡದಲ್ಲಿ ಕಲಿಲವೆಂಬರು. ಬೆರೆತುದು, ಗಹನವಾದುದು ಎಂಬ ಸಂಸ್ಕೃತಾರ್ಥವುಳ್ಳ ಈ ಶಬ್ದವೇ ಪ್ರಕೃತಕ್ಕೆ ಗ್ರೀಕ್ ಮೂಲಕ್ಕಿಂತ ಹೆಚ್ಚು ಒಪ್ಪುವುದು.

ಸುಶ್ರುತಸಂಹಿತೆಯು ಕಲುಷಜಲವನ್ನು ತಿಳಿಗೊಳಿಸುವ ಏಳು ಸಾಧನಗಳಲ್ಲಿ ಕತಕವನ್ನು ಮೊದಲು ಎಣಿಸಿದೆ. ಇದೇ ಕನ್ನಡದ ಚಿಲ್ಲದ ಬೀಜ. ಇದನ್ನು ನೀರಿನಲ್ಲಿ ತೇದು ಬೆರೆಸುವರು. ಕತಕವೃಕ್ಷದ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯು ಹೇಳುವುದು. ಆತ್ಮಬೋಧದಲ್ಲಿಯಾದರೋ, ಕತಕದ ಪುಡಿಯು ಕೊಳೆಯನ್ನು ಕಳೆದು ತಾನೂ ಇಲ್ಲವಾಗುವಂತೆ ಜ್ಞಾನವು ಅಜ್ಞಾನವನ್ನು ಕಳೆದು ತಾನೂ ಅಡಗುವುದೆಂಬ ದೃಷ್ಟಾಂತವುಂಟು. ದೃಷ್ಟಾಂತವು ರಮ್ಯವಾದುದೇ, ವಸ್ತುತಃ ಪುಡಿಯು ನಾಶವಾಗದೆ ಕೆಸರಿನೊಡನೆ ಕೊಡದ ತಳದಲ್ಲಿಯೇ ಇರುವುದು.

ಬೀಜದಲ್ಲಿರುವ ಅಂಟಿನ ಅಣುಗಳು ಉದ್ದವಾದ ಸರಣಿಗಳು. ಇಂತಹವನ್ನೇ ಪಾಲಿಮರ್ ಎನ್ನುವುದು. ಒಂದೇ ಸರಣಿಯು ಹಲವು ಕಣಗಳಿಗೆ ಅಂಟಿಕೊಂಡು ಅವನ್ನು ಗೊಂಚಲುಗಟ್ಟಿಸುವುದು. ಗೊಂಚಲು ಭಾರವಾಗಿ ಇಳಿಯುವುದು. ಪ್ರಮಾಣವು ಮೀರಿದರೆ ಫಲವು ವಿಪರೀತ. ಪ್ರತಿಯೊಂದು ಕಣವೂ ಸರಣಿಗಳ ಹೊದಿಕೆಯನ್ನು ಹೊದ್ದು, ಇನ್ನೊಂದಕ್ಕೆ ಅಂಟಲು ಎಡೆಯಿಲ್ಲದೆ, ತೇಲಿಯೇ ಇರುವುದು. ಓಲೆಯ, ಕಾಗದದ ಗ್ರಂಥಗಳನ್ನು ಬಲ್ಲವರಿಗೆ ಇದು ಹೊಸದಲ್ಲ: ದೀಪದ ಕಾಡಿಗೆಯನ್ನು ಬರಿಯ ನೀರಿನಲ್ಲಿ ಕಲಸಿದರೆ ಗಂಟುಗಟ್ಟುವುದು, ಜಾಲಿಯ ಅಂಟನ್ನು ಕೂಡಿಸಿ ಅರೆದರೆ ಮಸಿಯಾಗುವುದು. ಇಂದಿನ ಪ್ರಯೋಗಶಾಲೆಗಳಲ್ಲಿ ಪಾಲಿಮರನ್ನು ಅಸಿಟೋನಿನಲ್ಲಿ ಕರಗಿಸಿ ನೀರಿಗೆ ಸುರಿಯುವರು. ಅಸಿಟೋನು ನೀರಿನಲ್ಲಿ ಬೆರೆತೊಡನೆ, ನೀರಿನಲ್ಲಿ ಕರಗದ ಪಾಲಿಮರು ನೂರಿನ್ನೂರು ನ್ಯಾನೋಮೀಟರಿನ ಕಣಗಳಾಗಿ ಬೇರ್ಪಡುವುದು. ಆ ಕಣಗಳನ್ನು ಬೇರೆ ಬೇರೆಯಾಗಿ ಕಾಯುವುದೂ ಮೈಯ ವಿದ್ಯುತ್ತು, ಇಲ್ಲವೆ ಇಂತಹುದೇ ಹೊದಿಕೆ.

ತಿಳಿಯಾದ ನೀರೆಲ್ಲವೂ ಶುದ್ಧವೆಂದು ಭಾವಿಸಲಾಗದು. ಕೆಸರಿನೊಡನೆ ರೋಗಾಣುಗಳು ಬಹುಮಟ್ಟಿಗೆ ಇಳಿದರೂ ಕೆಲವು ಉಳಿಯುವುವು. ಬೀಜದ ಸತ್ತ್ವವು ನೀರಿನಲ್ಲಿ ಮಿಕ್ಕರೆ ಅವುಗಳಿಗೆ ಆಹಾರವೂ ಆದೀತು. ಸುಶ್ರುತಸಂಹಿತೆಯು ಕತಕವನ್ನು ಹೇಳಿದಲ್ಲಿಗೇ ನಿಲ್ಲದೆ, ಕೆಟ್ಟ ನೀರನ್ನು ಬೆಂಕಿಯಲ್ಲಿ ಕಾಯಿಸಬೇಕೆಂದು ಬೇರೆಯಾಗಿ ವಿಧಿಸಿದೆ.