ಜಗಲಿಯವರೆಗೆ ಮಾತ್ರ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಬಿದ್ದ ಮಳೆಯನ್ನು ದಿನದಿನವೂ ನಮೂದಿಸಿ ಎಲ್ಲರಿಗೂ ತೋರಿಸುವ ಜಾಲತಾಣವೊಂದನ್ನು ವಿದ್ಯಾರ್ಥಿಗಳು ರಚಿಸಹೊರಟಿರುವರೆಂದು ಭಾವಿಸೋಣ. ಸೂಳೆಕೆರೆಯ ಸೀಮೆಯಾದ ಚನ್ನಗಿರಿಗೂ ಮೋಡವನ್ನೇ ನೋಡುತ್ತಿರುವ ಜಗಳೂರಿಗೂ ಮಳೆಯಲ್ಲಿ ಬಹಳ ಅಂತರವುಂಟು. ಆದುದರಿಂದ ಇಂತಹ ಪಟ್ಟಿ ನಿರರ್ಥಕವಾಗದು.

ಇದಕ್ಕೆ ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಲೋಕಕ್ಕೆ ನೀಡಿದ ಪಿಎಚ್‌ಪಿ ಭಾಷೆಯೂ, ಅದರ ಮೇಲೆ ಟೇಲರ್ ಆಟ್‌ವೆಲ್ 2011ರಲ್ಲಿ ಕಟ್ಟಿದ ಲಾರವೆಲ್ ಎಂಬ ಚೌಕಟ್ಟೂ ಒದಗುತ್ತವೆ. ಲಾಗಿನ್, ದತ್ತಾಂಶದ ಉಗ್ರಾಣದೊಡನೆ ವ್ಯವಹಾರ ಮೊದಲಾದುವನ್ನು ಪ್ರತಿಯೊಬ್ಬನೂ ಹೊಸದಾಗಿ ಬರೆಯಬೇಕಾಗಿಲ್ಲ. ಕಂಪೋಸರ್ ಎಂಬ ಸಾಧನಕ್ಕೆ ಒಂದು ಆಜ್ಞೆಯಿತ್ತರೆ ಬೇಕಾದ ಭಾಗಗಳೆಲ್ಲವೂ ಬಂದು ಸೇರುತ್ತವೆ. ಮನೆಯ ಗಣಕದಲ್ಲಿ ತಾಣವು ಸುಲಭವಾಗಿಯೇ ತೆರೆದುಕೊಳ್ಳುತ್ತದೆ. ತೊಡಕಿರುವುದು ಅದನ್ನು ಸರ್ವರಿಗೆ ಸಾಗಿಸುವಲ್ಲಿ.

ಲಾರವೆಲ್‌ನ ರಚನೆ ನಮ್ಮ ಹಳ್ಳಿಯ ಮನೆಯಂತಿದೆ. ‘ಪಬ್ಲಿಕ್’ ಎಂಬ ಫೋಲ್ಡರು ಜಗಲಿ. ಬಂದವರು ಅಲ್ಲಿಯೇ ಕುಳಿತು ಕೇಳಬೇಕು, ಒಳಗಿನವರು ತಂದುಕೊಡಬೇಕು. ಉಳಿದುದೆಲ್ಲವೂ ನಡುಮನೆ. ಉಗ್ರಾಣದ ಪಾಸ್‌ವರ್ಡನ್ನು ಬರೆದಿಟ್ಟ ‘ಡಾಟ್ ಇಎನ್‌ವಿ’ ಕಡತವು ಇರುವುದು ಈ ನಡುಮನೆಯಲ್ಲಿ. ಆದರೆ ಹೊಸಬರು ಇಡೀ ಮನೆಯನ್ನೇ ಸರ್ವರಿನ ಬಯಲಿನಲ್ಲಿ ತಂದಿಡುತ್ತಾರೆ. ವಿಳಾಸದ ಕೊನೆಗೆ ‘ಪಬ್ಲಿಕ್’ ಎಂದು ಸೇರಿಸಿದರೆ ತಾಣವು ಆಗಲೂ ತೆರೆಯುವುದರಿಂದ ತಪ್ಪು ಗೋಚರವಾಗುವುದೇ ಇಲ್ಲ! ಪಿಎಚ್‌ಪಿ ಕಡತವನ್ನು ಕೇಳಿದರೆ ಸರ್ವರು ಅದನ್ನು ನಡೆಸಿ ಫಲವನ್ನು ಮಾತ್ರ ಕೊಡುತ್ತದೆ. ‘ಡಾಟ್ ಇಎನ್‌ವಿ’ಯಾದರೋ ಅದರ ದೃಷ್ಟಿಯಲ್ಲಿ ಬರಿಯ ಬರಹ, ಕೇಳಿದವರಿಗೆ ಇದ್ದಂತೆಯೇ ಒಪ್ಪಿಸಿಬಿಡುತ್ತದೆ.

ನಾವೂ ಒಮ್ಮೆ ಹೀಗೆಯೇ ಮಾಡಿದೆವು. ವಿದ್ಯಾರ್ಥಿಯೊಬ್ಬನು ತನ್ನ ಫೋನಿನಲ್ಲಿ ನಮ್ಮ ಪಾಸ್‌ವರ್ಡನ್ನು ಓದಿ ಹೇಳಿದಾಗ ತರಗತಿಯಲ್ಲಿ ಎದ್ದ ನಗು ಇನ್ನೂ ಕಿವಿಯಲ್ಲಿದೆ.

ಪರಿಹಾರವೇನೋ ಸರಳ. ಸರ್ವರಿನ ಪ್ರವೇಶದ್ವಾರವು ‘ಪಬ್ಲಿಕ್’ ಫೋಲ್ಡರನ್ನೇ ತೋರುವಂತೆ ವ್ಯವಸ್ಥೆಯನ್ನು ಬದಲಿಸಬೇಕು. ಒಮ್ಮೆ ಬಯಲಾದ ಪಾಸ್‌ವರ್ಡನ್ನು ತಪ್ಪದೆ ಬದಲಾಯಿಸಬೇಕು, ಬಾಗಿಲು ಮುಚ್ಚಿದ ಮಾತ್ರಕ್ಕೆ ಕಂಡವನು ಮರೆಯುವನೆ? ‘ಡೀಬಗ್’ ಸೌಲಭ್ಯವನ್ನು ಸರ್ವರಿನಲ್ಲಿ ಆರಿಸಿಡಬೇಕು; ಇಲ್ಲವಾದರೆ ದೋಷವುಂಟಾದಾಗ ಒಳಗಿನ ವಿವರಗಳೆಲ್ಲ ಪುಟದ ಮೇಲೆ ಮೂಡುತ್ತವೆ. ಏನನ್ನೋ ಬರೆಯಲಾಗುತ್ತಿಲ್ಲವೆಂದು ಸಕಲ ಫೋಲ್ಡರುಗಳನ್ನೂ ಸರ್ವರಿಗೂ ತೆರೆದಿಡುವ ಅಭ್ಯಾಸವನ್ನು ನಾವು ಒಪ್ಪುವುದಿಲ್ಲ. ‘ಸ್ಟೋರೇಜ್’ ಮತ್ತು ‘ಬೂಟ್‌ಸ್ಟ್ರಾಪ್’ನೊಳಗಿನ ‘ಕ್ಯಾಶ್’, ಇವೆರಡರಲ್ಲಿ ಬರೆಯಲು ತಾಣಕ್ಕೆ ಅನುಮತಿಯಿದ್ದರೆ ಸಾಮಾನ್ಯವಾಗಿ ಸಾಕು.

ಅನಂತರ ಬೇರೆ ಗಣಕದಿಂದ ಆ ಕಡತದ ವಿಳಾಸವನ್ನು ನೀವೇ ಬೆರಳಚ್ಚಿಸಿ ನೋಡಿರಿ. 404 ಎಂಬ ಉತ್ತರ ಬಂದಿತಾದರೆ ಜಗಳೂರಿನ ಮಳೆಯನ್ನು ನಮೂದಿಸಲು ತೊಡಗಬಹುದು.